ಓಲಾಸೊನ ಮೇಣದ ಕಾಲು

"ಮುಖ ಓಲಾಸೊನದು, ಅದನ್ನ ನಾನು ಇಲ್ಲ ಅನ್ನಲ್ಲ. ಬೆವರು ಅವನದಲ್ಲ. ಬಾಟ್ಲೀಲಿ ನೀರು ತುಂಬ್ಕೊಂಡು ಬಂದು ಹಣೆಗೆ ಚಿಮುಕಿಸ್ತಿದ್ರಂತೆ, ಸತೂರಿಯೊ ಕಣ್ಣಾರೆ ನೋಡಿದ್ದ. ಕಾಲು ಮಾತ್ರ ಸತೂರಿಯೊಂದು, ನನ್ನ ಗಂಡಂದು. ನಂಬು ಅಂತ ನಿನ್ನ ಗೋಗರೆಯಲ್ಲ ಮಗಳೇ, ಗೋಗರೆಯೋ ಕಾಲ ಆಗಿಹೋಯ್ತು. ಇಷ್ಟು ಮಾಡು ಸಾಕು. ಶನಿವಾರ ಟೀವೀಲಿ ಆ ಪಿಚ್ಚರ್ ಹಾಕ್ದಾಗ, ಗಡ್ಡದವನೊಬ್ಬ ಓಡಿಬಂದು ಅಡ್ಡ ಬೀಳ್ತಾನಲ್ಲ, ಆಗ ಕಣ್ಣು ಮುಚ್ಕೋಬೇಡ. ಈ ಕೇರಿ ಹೆಂಗಸ್ರೆಲ್ಲ ಸರಿಯಾಗಿ ಅಲ್ಲೇ ಕಣ್ಣು ಮುಚ್ಕೊಂಡ್ರು. ಮೊದಲನೇ ಸಲ ನಾನೂ ಮುಚ್ಕೊಂಡಿದ್ದೆ. ಗಂಡಸ್ರು ನೋಡಿದ್ರು, ನಿಜ, ಆದ್ರೆ ಗಂಡಸ್ರಿಗೆ ತೇಪೆ ಎಲ್ಲಿ ಕಾಣುತ್ತೆ? ಕಾಲು ಮಡಚ್ಕೊಂಡು ಬೀಳುವಾಗ ಎಡಗಾಲಿನ ಚೀಲದ ಹಿಂಬದಿ ತಿರುಗುತ್ತೆ, ಒಂದು ಉಸಿರಿನಷ್ಟು ಹೊತ್ತು. ಅಲ್ಲಿ, ಮೀನಖಂಡದ ಮೇಲೆ, ಒಂದು ತೇಪೆ ಇದೆ. ಮನೇಲಿ ಬಿಳೀ ನೂಲು ಮುಗಿದಿತ್ತು, ಬೂದಿ ಬಣ್ಣದ್ದರಲ್ಲಿ ಹೆಣೆದಿದ್ದೆ, ಓರೆಯಾಗಿ, ನಮ್ಮಮ್ಮ ಹೆಣೀತಿದ್ದ ಹಾಗೆ. ದೇಶಕ್ಕೆಲ್ಲ ದೊಡ್ಡ ಆಟಗಾರ ಅವನು, ತೇಪೆ ಚೀಲ ಹಾಕ್ಕೊಂಡು ಆಡೋ ಗತಿ ಅವನಿಗೆ ಯಾಕಮ್ಮ ಬರುತ್ತೆ? ಅಷ್ಟು ನೋಡು. ನೋಡಿ ಸುಮ್ಮನಿರು. ನನಗೇನೂ ಹೇಳ್ಬೇಡ."

ಕಸಿಲ್ದ ಇದನ್ನು ಹೇಳಿದ್ದು ನಿಯೆವೆಸ್‌ಗೆ. ನಿಯೆವೆಸ್ ನೆರೆಮನೆಯ ಬಾಲ್ಬಿನಳ ಸೊಸೆ, ಕೇರಿಗೆ ಹೊಸಬಳು, ಹಳೆಯ ಕಥೆಗಳನ್ನು ಇನ್ನೂ ಕಿವಿಗೊಟ್ಟು ಕೇಳುತ್ತಿದ್ದವಳು. ಆ ಮನೆಯ ಅಂಗಿಗಳನ್ನು ವಾರಕ್ಕೊಮ್ಮೆ ಇಸ್ತ್ರಿ ಮಾಡಿಕೊಡಲು ಕಸಿಲ್ದ ಬರುತ್ತಿದ್ದಳು. ಮೂಲೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದ ಬಾಲ್ಬಿನ ತಲೆ ಎತ್ತಲಿಲ್ಲ.

"ಶುರು ಹಚ್ಕೊಂಡ್ಲು. ಓಲಾಸೊನ ಕಾಲು ನಮ್ಮದು, ನಿಮ್ಮದು ಅಂದವರನ್ನೆಲ್ಲ ನಾನು ಕೇಳಿದೀನಿ ಕಣೇ ನಿಯೆವೆಸ್. ಎಲ್ಲಾ ಸೇರಿಸಿದ್ರೆ ಅವನು ಮನುಷ್ಯ ಅಲ್ಲ, ಜರಿಹುಳ."

ಕಸಿಲ್ದ ಅಂಗಿಯ ತೋಳನ್ನು ತಿರುಗಿಸಿ ಹಾಸಿದಳು. ಈ ಮಾತಿಗೆ ಉತ್ತರ ಕೊಟ್ಟು ಕೊಟ್ಟು ಅವಳಿಗೆ ಸಾಕಾಗಿತ್ತು.

ತೆಹಾರೆಸ್ ಎಂದರೆ ಹೆಂಚಿನ ಭಟ್ಟಿಗಳ ಕೇರಿ. ಮದ್ರೀದಿನಲ್ಲಿ ನದಿ ದಾಟಿದ ಮೇಲೆ ಟ್ರಾಮು ನಿಲ್ಲುವ ಕಡೆಯಿಂದ ಮುಂದಕ್ಕೆ, ಇಟ್ಟಿಗೆ ಸುಡುವವರೂ ಇಟ್ಟಿಗೆ ಹೊರುವವರೂ ಅರ್ಧ ಇಟ್ಟಿಗೆಯ ಮನೆಗಳಲ್ಲಿ ಇರುವ ಜಾಗ. ಗಾಳಿ ಎದ್ದರೆ ಕೆಂಪು ಧೂಳು ಸೂಪಿನ ತಟ್ಟೆಯಲ್ಲೂ ಕೂರುತ್ತದೆ. ಆ ಧೂಳಿನ ನಡುವೆ ಕಸಿಲ್ದ ಬಿಳಿ ಅಂಗಿಗಳ ಇಸ್ತ್ರಿ ಮಾಡಿ ಬದುಕಿದಳು. ಅವಳ ಕೈಯಿಂದ ಹೋದ ಕಾಲರಿನ ಮೇಲೆ ಕೆಂಪಿನ ಚುಕ್ಕೆ ಕಂಡವರಿಲ್ಲ. ಕಾದ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಮೇಣದ ತುಂಡು ಉಜ್ಜಿ, ಹಳೇ ಬಟ್ಟೆಯ ಮೇಲೆ ಒಮ್ಮೆ ಒರೆಸಿದರೆ ಗಂಜಿ ಹಾಕಿದ ಬಟ್ಟೆಯ ಮೇಲೂ ಅದು ಜಾರಿಕೊಂಡು ಹೋಗುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಆ ತಾಯಿ ಕನ್ಯಾಮಠದ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಲೇ ಸತ್ತವಳು.

ಗಂಡ ಸತೂರಿಯೊ ಉತ್ತರದ ಬೆಟ್ಟದ ಕಡೆಯವನು, ಕುರಿ ಬಿಟ್ಟು ಭಟ್ಟಿಗೆ ಬಂದವನು. ಮಾತು ಕಡಿಮೆ. ಮಕ್ಕಳಾಗಲಿಲ್ಲ, ಅದರ ಬಗ್ಗೆಯೂ ಅವನು ಮಾತಾಡಲಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಭಟ್ಟಿಯವರ ತಂಡದಲ್ಲಿ ಫುಟ್‌ಬಾಲ್ ಆಡುತ್ತಿದ್ದ. ಎದುರುಗಾಳಿಗೆ ನಡೆಯುವವನ ಹಾಗೆ ಹೆಗಲು ಮುಂದಕ್ಕೆ ಬಾಗಿಸಿ ಓಡುತ್ತಿದ್ದ. ಕಾರ್ಮೆಲೊ ಓಲಾಸೊ ಕೂಡ ಹಾಗೇ ಓಡುತ್ತಿದ್ದ. ಓಲಾಸೊ ಆಗ ದೇಶದಲ್ಲಿ ಹೆಸರಾದ ಆಟಗಾರ, ಸೋಪಿನ ಪೆಟ್ಟಿಗೆಯ ಮೇಲೂ ಅವನದೇ ಚಿತ್ರ. ಇಬ್ಬರ ಮೈಕಟ್ಟೂ ಒಂದೇ.

"ಬೆನ್ನು ನೋಡಿದ್ರೆ ಓಲಾಸೊ. ತಿರುಗಿದ ಅಂದ್ರೆ, ಅಯ್ಯೋ, ಸತೂರಿಯೊ," ಎಂದು ಬಾಲ್ಬಿನ ನಲ್ಲಿಯ ಹತ್ತಿರ ಎಲ್ಲರನ್ನೂ ನಗಿಸುತ್ತಿದ್ದಳು. ಕಸಿಲ್ದಳೂ ನಗುತ್ತಿದ್ದಳು.

ರೇಷನ್ ಚೀಟಿ ನಿಂತ ಮರುವರ್ಷ ಓಲಾಸೊನ ಮೇಲೆ ಸಿನಿಮಾ ತೆಗೆದರು. ಅದರಲ್ಲಿ ಓಲಾಸೊ ಓಲಾಸೊನೇ ಆಗಿದ್ದ; ಹೆಸರೂ ಅದೇ, ತಂಡವೂ ಅದೇ. ಕಥೆ ದೊಡ್ಡದೇನಲ್ಲ. ಆಟದ ನಡುವೆ ಅವನ ಕಾಲು ಮುರಿಯುತ್ತದೆ, ಕನ್ಯಾಮಾತೆಯ ಮೂರ್ತಿಯ ಮುಂದೆ ಅವನ ತಾಯಿ ಅಳುತ್ತಾಳೆ, ಕಾಲು ಕೂಡಿಕೊಳ್ಳುತ್ತದೆ, ಕೊನೆಯಲ್ಲಿ ಗೋಲು ಹೊಡೆಯುತ್ತಾನೆ. ತೊಡಕಾದದ್ದು ಆ ಮುರಿಯುವ ಜಾಗದಲ್ಲಿ. ಅವನ ಕಾಲಿಗೆ ಯಾರೂ ಒದೆಯಕೂಡದು, ಪಂದ್ಯಗಳು ಇನ್ನೂ ಬಾಕಿ ಇವೆ ಎಂದು ತಂಡದವರು ಹೇಳಿಬಿಟ್ಟರು. ಹಾಗಾಗಿ ಸಿನಿಮಾದವರು ಭಾನುವಾರದ ಮೈದಾನಗಳನ್ನೆಲ್ಲ ಸುತ್ತಿ, ತೆಹಾರೆಸ್‌ಗೂ ಬಂದರು. ಸತೂರಿಯೊ ಓಡುವುದನ್ನು ಹಿಂದಿನಿಂದ ನೋಡಿದರು, ಅವರಿಗೆ ಅಷ್ಟೇ ಸಾಕಾಯಿತು.

ಉಣ್ಣೆಯ ಕೋಟು ತೊಟ್ಟ ಒಬ್ಬಾತ ಮನೆಗೇ ಬಂದ. ಕೂರಿಸಿ ಆನಿಸ್ ಮದ್ಯ ಕೊಟ್ಟರು.

"ಒಂದೇ ಮಾತು," ಎಂದ ಆತ. "ಇದು ನೀವೇ ಅಂತ ಯಾರಿಗೂ ಗೊತ್ತಾಗಬಾರದು. ಓಲಾಸೊ ಬದಲು ಇನ್ನೊಬ್ಬ ಬಿದ್ದ ಅಂತ ತಿಳಿದ್ರೆ ಜನ ಅಳಲ್ಲ. ಜನ ಅಳದೇ ಇದ್ರೆ ನಾವು ಅಳಬೇಕಾಗುತ್ತೆ."

ಸತೂರಿಯೊ ಕೈ ಮುಂದಕ್ಕೆ ಚಾಚಿದ. ಅವನ ಊರಿನಲ್ಲಿ ಕುರಿಮಂದೆಯೂ ಹಾಗೇ ಕೈಬದಲಾಗುತ್ತಿತ್ತು, ಹೆಣ್ಣೂ ಹಾಗೇ ನಿಶ್ಚಯವಾಗುತ್ತಿತ್ತು. ಕೈಯಲ್ಲಿ ಕೈ ಇಟ್ಟ ಮೇಲೆ ಮಾತು ಮುಗಿಯಿತು.

ನಗರದ ಆಚೆ ತುದಿಯ ಕ್ರೀಡಾಂಗಣದಲ್ಲಿ, ಕೆಲಸದ ದಿನ, ಕೂಲಿಗೆ ಕರೆತಂದ ಜನರನ್ನು ಕೂರಿಸಿ ಚಿತ್ರ ತೆಗೆದರು. ಅಂಗಿ, ಚಡ್ಡಿ ಅವರದು. ಅವರು ಕೊಟ್ಟ ಕಾಲುಚೀಲ ಇಟ್ಟಿಗೆ ಹೊತ್ತ ಮೀನಖಂಡಕ್ಕೆ ಹತ್ತಲಿಲ್ಲ, ತನ್ನದನ್ನೇ ಹಾಕಿಕೊಂಡ. ಅಡ್ಡ ಬೀಳಬೇಕಾದ ಗಡ್ಡದವನು ಎಲ್ಲಿಯವನೋ, ಯಾರೋ. ಮೊದಲ ಸಲ ಬಿದ್ದಾಗ ಅದು ನಾಟಕದ ಹಾಗೆ ಕಂಡಿತು. ಮತ್ತೆ ಬಿದ್ದರು, ಮತ್ತೂ ನಾಟಕ. ನಿರ್ದೇಶಕ ಗಡ್ಡದವನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ. ಆಮೇಲಿನ ಸಲ ಅದು ನಾಟಕವಾಗಲಿಲ್ಲ.

ಕ್ಯಾಮರಾ ಓಡುತ್ತಲೇ ಇತ್ತು. "ಇದು ಸರಿಯಾಗಿದೆ, ಇದೇ ಇರಲಿ," ಎಂದು ಯಾರೋ ಅಂದದ್ದು ಸತೂರಿಯೊನಿಗೆ ನೆಲದಿಂದಲೇ ಕೇಳಿಸಿತು. ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಓಲಾಸೊ ಎದ್ದು ಓಡಿಬಂದ. ತನ್ನ ಜಾಕೆಟ್ಟು ಬಿಚ್ಚಿ ಮಡಚಿ ಸತೂರಿಯೊನ ತಲೆಯ ಕೆಳಗೆ ಇಟ್ಟ. ವ್ಯಾನು ಬರುವ ತನಕ ಅಲ್ಲೇ ಮಂಡಿಯೂರಿ ಕೂತಿದ್ದ. ಸತೂರಿಯೊ ಹೆಂಡತಿಗೆ ಇದನ್ನು ಎಷ್ಟು ಸಲ ಹೇಳಿದನೋ. ನೋವಿನ ಮಾತು ಕಡಿಮೆ, ಜಾಕೆಟ್ಟಿನ ಮಾತೇ ಹೆಚ್ಚು. "ಒಳಗಡೆ ರೇಷ್ಮೆ ಕಣೇ. ತಣ್ಣಗಿತ್ತು."

ಕೇರಿಗೆ ಏನು ಹೇಳುವುದು? ಭಟ್ಟಿಯ ಗಾಡಿಯಿಂದ ಬಿದ್ದೆ ಎಂದು ಹೇಳಿದ.

"ಸುಳ್ಳು ಯಾಕೆ? ಏನೂ ಹೇಳದೆ ಇದ್ದರಾಯ್ತು," ಅಂದಳು ಕಸಿಲ್ದ.

"ಬಾಲ್ಬಿನ ಇರೋ ಕೇರೀಲಿ ಏನೂ ಹೇಳದೆ ಇರೋಕಾಗುತ್ತಾ? ಕೈ ಹಿಡಿದು ಮಾತು ಕೊಟ್ಟಿದೀನಿ. ಗಾಡಿಯಿಂದ ಬಿದ್ದೆ, ಅಷ್ಟೇ."

ಕಾಲು ಕೂಡಿಕೊಂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಕಸಿಲ್ದ ಕೇರಿಯ ಚರ್ಚಿಗೆ, ಭಟ್ಟಿ ಮಾತೆಯ ಇಗರ್ಜಿಗೆ, ಹರಕೆ ಹೊತ್ತು, ಒಂದು ಗೇಣಿನ ಮೇಣದ ಕಾಲು ತಂದು ಗೋಡೆಯ ಮೊಳೆಗೆ ನೇತುಹಾಕಿದಳು. ಆ ಗೋಡೆಯ ಮೇಲೆ ಕೇರಿಯವರ ಮೇಣದ ಕೈ, ಎದೆ, ಕಣ್ಣು, ಕೂಸುಗಳೆಲ್ಲ ಒಂದರ ಪಕ್ಕ ಒಂದು ತೂಗುತ್ತಿದ್ದವು.

ಶರತ್ಕಾಲದಲ್ಲಿ ಸಿನಿಮಾ ಕೇರಿಯ ಟಾಕೀಸಿಗೆ ಬಂತು. ಸೂರ್ಯಕಾಂತಿ ಬೀಜ ಬಿಡಿಸಿಕೊಂಡು, ಒಲೆಯ ಬೆಚ್ಚಗಿನ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಾಲಡಿಗೆ ಇಟ್ಟುಕೊಂಡು ಎಲ್ಲರೂ ಕೂತರು. ಗಡ್ಡದವನು ಓಡಿಬಂದ. ಹೆಂಗಸರೆಲ್ಲ ಒಟ್ಟಿಗೆ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನೊಳಗೆ ಕಸಿಲ್ದಳಿಗೆ ಬಾದಾಮಿ ಚಿಪ್ಪು ಒಡೆದ ಹಾಗೆ ಒಂದು ಸದ್ದು ಕೇಳಿಸಿತು, ಆಮೇಲೆ ಗಂಡನ ಕೈ ತನ್ನ ಕೈಯನ್ನು ಹಿಂಡಿತು.

"ಸದ್ದು ಹಾಗಿರಲಿಲ್ಲ," ಎಂದು ಅವನು ಕಿವಿಯಲ್ಲಿ ಹೇಳಿದ. ಅಷ್ಟೇ ಹೇಳಿದ.

ಕಣ್ಣು ಬಿಟ್ಟಾಗ ಪರದೆಯ ತುಂಬ ಓಲಾಸೊನ ಮುಖ, ಬಾಟ್ಲಿಯ ಬೆವರು. ಬಾಲ್ಬಿನ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಈಗ ಯಾರಾದರೂ ಕೇಳಿದರೆ ನಗಬಹುದು, ಆದರೆ ಪರದೆಯ ಮೇಲೆ ಓಲಾಸೊ ತನ್ನ ಹೆಸರಿನಲ್ಲೇ, ತನ್ನ ಅಂಗಿಯಲ್ಲೇ, ತನ್ನ ಮೈದಾನದಲ್ಲೇ ಬಿದ್ದಿದ್ದ. ಕೇರಿಗೆ ಅದು ಕಥೆ ಅನ್ನಿಸಲಿಲ್ಲ. ರಾಜನ ವೇಷ ಹಾಕಿದವನು ರಾಜನಲ್ಲ ಎಂದು ಎಲ್ಲರಿಗೂ ಗೊತ್ತು. ಓಲಾಸೊನ ವೇಷ ಹಾಕಿದ ಓಲಾಸೊ ಓಲಾಸೊನಲ್ಲದೆ ಮತ್ಯಾರು? ಆ ಚಳಿಗಾಲ ಅವನು ಯಾವುದೋ ಜ್ವರಕ್ಕೆ ಕೆಲವು ಪಂದ್ಯ ಆಡಲಿಲ್ಲ. ಮುರಿದ ಕಾಲು ಮತ್ತೆ ಕೈಕೊಟ್ಟಿತು ಎಂದು ಕೇರಿ ತೀರ್ಮಾನಿಸಿತು. ಬಾಲ್ಬಿನ ಮುಂದೆ ನಿಂತಳು. ಮಾತೆಗೆ ದೊಡ್ಡದೊಂದು ಮೇಣದ ಕಾಲು ಒಪ್ಪಿಸಬೇಕು, ನಿಜವಾದ ಕಾಲಿನಷ್ಟು ದೊಡ್ಡದು. ಮನೆ ಮನೆಗೆ ಹೋಗಿ ಉರಿದುಳಿದ ಮೇಣದಬತ್ತಿಯ ತುಂಡು ಕೂಡಿಸಿದಳು. ಕಸಿಲ್ದಳ ಬಾಗಿಲಿಗೂ ಬಂದಳು.

"ಕೊಡೇ, ಎಷ್ಟಿದ್ದರೆ ಅಷ್ಟು. ಸತೂರಿಯೊ ಮಲಗಿದ್ದಾಗ ರಾತ್ರಿಯೆಲ್ಲ ಉರಿಸ್ತಿದ್ದೆಯಲ್ಲ."

ಒಳಗೆ ಮಂಚದ ಮೇಲೆ ಸತೂರಿಯೊ ಕಾಲು ಚಾಚಿ ಕೂತಿದ್ದ. ಕಸಿಲ್ದ ಅವನ ಮುಖ ನೋಡಿದಳು. ಅವನು ತಲೆ ಆಡಿಸಿದ, ಕೊಡು ಎಂದು. ಅವನ ತಲೆದೆಸೆಯಲ್ಲಿ ಉರಿದು ಉಳಿದ ತುಂಡುಗಳನ್ನೆಲ್ಲ ಅವಳು ಬಾಲ್ಬಿನಳ ಉಡಿಗೆ ಹಾಕಿದಳು. ಕಾಲು ತಯಾರಾಗಿ ಬಂದಾಗ ಗೋಡೆಯಲ್ಲಿ ಜಾಗ ಸಾಲಲಿಲ್ಲ. ಇಗರ್ಜಿಯ ಆಳು ಕೆಲವು ಸಣ್ಣ ಹರಕೆಗಳನ್ನು ತೆಗೆದು ಬಾಗಿಲ ಹಿಂದಕ್ಕೆ ಹಾಕಿದ. ಕಸಿಲ್ದಳ ಗೇಣಿನ ಕಾಲು ಅದರಲ್ಲಿತ್ತು.

ಮುಂದಿನ ವರ್ಷ ಸತೂರಿಯೊನ ಮೂಳೆ ಒಳಗಿನಿಂದ ಕೀವಾಯಿತು. ಕ್ರಿಸ್ಮಸ್ ಹತ್ತಿರವಿದ್ದಾಗ ಧರ್ಮಾಸ್ಪತ್ರೆಯಲ್ಲಿ ಕಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿದರು. ಮನುಷ್ಯನ ಮೈಯಿಂದ ತೆಗೆದದ್ದು ಮಣ್ಣಿಗೆ ಸೇರಬೇಕು, ಮನೆಯವರೇ ಒಯ್ದು ಹೂಳಬೇಕು. ಕನ್ಯಾಸ್ತ್ರೀಯೊಬ್ಬಳು ಉದ್ದನೆಯ ಮರದ ಪೆಟ್ಟಿಗೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕಸಿಲ್ದಳ ಕೈಗೆ ಕೊಟ್ಟಳು. ಅಷ್ಟು ಭಾರವಿರುತ್ತದೆ ಎಂದು ಕಸಿಲ್ದ ಎಣಿಸಿರಲಿಲ್ಲ.

ಟ್ರಾಮಿನಲ್ಲಿ ಹಬ್ಬದ ಗದ್ದಲ. ಪೆಟ್ಟಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಳು. ಕಂಡಕ್ಟರು ಬಂದು ಪೆಟ್ಟಿಗೆಯ ಉದ್ದ ನೋಡಿ ಹುಬ್ಬು ಹಾರಿಸಿದ.

"ಹಂದಿ ತೊಡೆನಾ ಅಮ್ಮ? ಹಬ್ಬ ಜೋರು ನಿಮ್ಮನೇಲಿ."

"ಹೂಂ," ಅಂದಳು.

"ಎಲ್ಲಿಯದು? ಬೆಟ್ಟದ ಕಡೇದಾ?"

"ಬೆಟ್ಟದ ಕಡೇದೇ."

"ಅದೇ ರುಚಿ. ತೆಳ್ಳಗೆ ಹೆಚ್ಚಬೇಕು, ಗೊತ್ತಲ್ಲ? ನಮ್ಮಂಥೋರನ್ನ ಕರೀಬೇಕು ನೀವು."

ಸುತ್ತಲಿನವರು ನಕ್ಕರು. ಪಕ್ಕದ ಮುದುಕಪ್ಪ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿ, ಒಳ್ಳೇ ದಪ್ಪಗಿದೆ ಎಂದ. ಕಸಿಲ್ದ ಕಿಟಕಿಯ ಕಡೆ ತಿರುಗಿ ಕೂತಳು. ಸ್ಮಶಾನದ ನಿಲ್ದಾಣದಲ್ಲಿ ಅವಳು ಎದ್ದಾಗ ಕಂಡಕ್ಟರಿನ ನಗು ನಿಂತಿತು. ಅವನು ಟೋಪಿ ತೆಗೆದ.

ಕಸಿಲ್ದಳ ತಾಯಿಯ ಗೋರಿಯನ್ನೇ ತೆಗೆದು ಕಾಲನ್ನು ಅದರಲ್ಲಿಟ್ಟರು. ಕಾಲಿಗೆ ಗಂಟೆ ಬಾರಿಸುವುದಿಲ್ಲ. ಪಾದ್ರಿ ಡೊನ್ ಎಲಾದಿಯೊಗೆ ಬೇರೆ ಕಡೆ ಕೆಲಸವಿತ್ತು. ಗುಂಡಿ ತೋಡುವವನು ಕಣಕಾಲಿನ ಮೇಲೆ ನಿಂತ ಮಣ್ಣು ಕೊಡವಿಕೊಂಡು, "ಮಿಕ್ಕಿದ್ದು ನಿಧಾನವಾಗಿ ಬರಲಿ," ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಆಸ್ಪತ್ರೆಯಿಂದ ಬಂದ ಮೇಲೆ ಸತೂರಿಯೊ ಬಾಯಿ ಬಿಟ್ಟ. ಮಾತು ಕೊಟ್ಟದ್ದು ಕಾಲಿರುವ ತನಕ, ಈಗ ಕಾಲೇ ಇಲ್ಲ ಎಂದು ಲೆಕ್ಕ ಹಾಕಿದನೋ ಏನೋ. ಹೆಂಡದಂಗಡಿಯಲ್ಲಿ, ಡಾಮಿನೊ ಆಡುತ್ತಿದ್ದವರ ಮುಂದೆ ಹೇಳಿದ: ಪಿಚ್ಚರಿನಲ್ಲಿ ಮುರಿದದ್ದು ನನ್ನ ಕಾಲು.

"ನೀನು ಗಾಡಿಯಿಂದ ಬಿದ್ದೆ," ಅಂದರು. "ನೀನೇ ಹೇಳಿದ್ದೆ."

"ಅದು ಸುಳ್ಳು ಹೇಳಿದ್ದೆ."

"ಹಾಗಾದ್ರೆ ಈಗ ಹೇಳ್ತಿರೋದು?"

"ಎಲ್ಲಿ, ಆ ಕಾಲು ತೋರಿಸು ನೋಡೋಣ," ಎಂದು ಇನ್ನೊಬ್ಬ ಅಂದ. ಇಡೀ ಅಂಗಡಿ ನಕ್ಕಿತು. ಅವತ್ತಿನಿಂದ ಅವನ ಹೆಸರೇ ಓಲಾಸೊ ಆಯಿತು. ಊರುಗೋಲಿನಲ್ಲಿ ಬೀದಿಗೆ ಬಂದರೆ, "ಓಲಾಸೊ, ಒಂದು ಪೆನಾಲ್ಟಿ ಹೊಡಿಯಪ್ಪ" ಎನ್ನುತ್ತಿದ್ದರು. ಕೆಟ್ಟ ಜನರಲ್ಲ. ಅವನ ಮನೆಯಲ್ಲಿ ಒಲೆ ಹೊತ್ತದ ದಿನ ಕಡಲೆಯ ಸಾರು ತಂದುಕೊಟ್ಟವರೂ ಅವರೇ. ಆದರೆ ಸತೂರಿಯೊ ಅಂಗಡಿಗೆ ಹೋಗುವುದನ್ನು ಬಿಟ್ಟ, ಆಮೇಲೆ ಬೀದಿಗೆ ಹೋಗುವುದನ್ನೂ ಬಿಟ್ಟ. ಕಸಿಲ್ದ ಇಸ್ತ್ರಿ ಮಾಡುವ ಮೇಜಿನ ಪಕ್ಕ ಕೂತು ಬಟ್ಟೆಗೆ ನೀರು ಚಿಮುಕಿಸಿ ಕೊಡುತ್ತಿದ್ದ.

ಹಾಗೆ ಕೆಲವು ಚಳಿಗಾಲ ಕಳೆದವು. ಒಂದು ವಸಂತದಲ್ಲಿ ಡೊನ್ ಎಲಾದಿಯೊ ಪೂಜೆಯ ಕೊನೆಗೆ ಸುದ್ದಿ ಹೇಳಿದರು. ಇಗರ್ಜಿಯ ಚಾವಣಿಗಾಗಿ ಓಲಾಸೊನ ಸಿನಿಮಾ ಮತ್ತೆ ತೋರಿಸುತ್ತಾರೆ, ಓಲಾಸೊ ಸ್ವತಃ ಬರುತ್ತಾನೆ.

ಕಸಿಲ್ದ ಮನೆಗೆ ಬಂದು ಹೇಳಿದಾಗ ಸತೂರಿಯೊ ನೀರಿನ ಬಟ್ಟಲನ್ನು ಕೆಳಗಿಟ್ಟ.

"ಅವನು ಅಲ್ಲಿದ್ದ," ಅಂದ ಆಮೇಲೆ. "ಜಾಕೆಟ್ಟು ಕೊಟ್ಟ. ಅವನು ಹೇಳ್ತಾನೆ."

"ಹೇಳದೇ ಇದ್ರೆ?"

"ದುಡ್ಡು ಕೇಳ್ತೀನಾ ನಾನು? ಏನೂ ಬೇಡ. ಮುರಿದದ್ದು ಇವನ ಕಾಲು ಅಂತ ಒಂದು ಮಾತು. ಬಾಲ್ಬಿನ ಕೇಳಿಸ್ಕೊಳ್ಳೋ ಹಾಗೆ ಒಂದು ಮಾತು. ಆಮೇಲೆ ನಾನು ಬೀದೀಲಿ ನಡೀತೀನಿ."

ಆ ಭಾನುವಾರಕ್ಕೆ ಅವಳು ಅವನ ಮದುವೆಯ ಅಂಗಿಗೆ ಇಸ್ತ್ರಿ ಹಾಕಿದಳು. ಪ್ಯಾಂಟಿನ ಖಾಲಿ ಕಾಲನ್ನು ಮಡಚಿ, ಪಿನ್ನು ಕಾಣದ ಹಾಗೆ ಚುಚ್ಚಿದಳು. ಮುಂದಿನ ಸಾಲಿನಲ್ಲಿ ಕೂತರು.

ಓಲಾಸೊ ಆಟ ಬಿಟ್ಟಿದ್ದ, ಹೊಟ್ಟೆ ಬಂದಿತ್ತು. ಮೇಲಿದ್ದ ಕೋಟು ಮಾತ್ರ ಒಳ್ಳೆಯದು. ವೇದಿಕೆಯ ಮೇಲೆ ಪಾದ್ರಿ ಅವನನ್ನು ಹೊಗಳಿದರು. ಆಮೇಲೆ ಬಾಲ್ಬಿನ ಕೆಂಪು ದಿಂಬಿನ ಮೇಲೆ ಮೇಣದ ಕಾಲನ್ನು ಇಟ್ಟುಕೊಂಡು ಮೆಟ್ಟಿಲು ಹತ್ತಿದಳು. ನಾಲ್ಕು ಜನ ಅವಳಿಗೆ ಹಿಂದಿನಿಂದ ಕೈಯಾಸರೆ ಕೊಟ್ಟರು.

"ಡೊನ್ ಕಾರ್ಮೆಲೊ, ನಿಮ್ಮ ಕಾಲು," ಎಂದಳು. "ಇಷ್ಟು ವರ್ಷ ಮಾತೆ ಹತ್ರ ಇಟ್ಟಿದ್ವಿ. ಹೇಗಿದೆ ಈಗ? ಚಳೀಲಿ ಎಳೆಯುತ್ತಾ?"

ಓಲಾಸೊ ನಕ್ಕ. ಸಭೆಯಲ್ಲಿ ಯಾರೂ ನಗಲಿಲ್ಲ. ಅವನ ನಗು ಹಾಗೇ ನಿಂತಿತು. ಪಾದ್ರಿಯ ಕಡೆ ನೋಡಿದ. ಅವರು ಕಣ್ಣು ತಗ್ಗಿಸಿದರು. ಮೇಣದ ಕಾಲನ್ನು ಎರಡು ಕೈಯಲ್ಲಿ ತೆಗೆದುಕೊಂಡು ಏನು ಮಾಡಬೇಕೋ ತಿಳಿಯದೆ ನಿಂತ. ಆಗ ಮುಂದಿನ ಸಾಲಿನಲ್ಲಿ ಸತೂರಿಯೊ ಊರುಗೋಲು ಊರಿ ಎದ್ದ.

"ಡೊನ್ ಕಾರ್ಮೆಲೊ. ನಾನು ಸತೂರಿಯೊ. ನೀವು ನನ್ನ ತಲೆ ಕೆಳಗೆ ಜಾಕೆಟ್ಟು ಇಟ್ಟಿದ್ರಿ."

ಹಿಂದಿನ ಸಾಲಿನಿಂದ ಯಾರೋ, "ಕೂತ್ಕೋ ಓಲಾಸೊ" ಎಂದರು. ಅಲ್ಲಲ್ಲಿ ನಗು ಹಾರಿತು.

ಓಲಾಸೊ ಅವನ ಮುಖ ನೋಡಿದ. ಅವನ ಕಣ್ಣು ಕೆಳಗಿಳಿದು ಮಡಚಿದ ಪ್ಯಾಂಟಿನ ಹತ್ತಿರ ನಿಂತದ್ದನ್ನು ಕಸಿಲ್ದ ಕಂಡಳು. ಬಣ್ಣ ಇಳಿದುಹೋಯಿತು ಆ ಮುಖದಿಂದ. ಗುರುತು ಸಿಕ್ಕಿತು, ಅದರಲ್ಲಿ ಅನುಮಾನವಿಲ್ಲ. ಅವನು ಬಾಯಿ ತೆರೆದ. ಸತೂರಿಯೊ ಕತ್ತು ಮುಂದಕ್ಕೆ ಚಾಚಿದ, ಆ ಮಾತು ಬೀಳುವುದಕ್ಕೆ ಮುಂಚೆಯೇ ಹಿಡಿದುಕೊಳ್ಳುವವನ ಹಾಗೆ.

ಸಭೆಯ ತುಂಬ ಜನ, ಅವರೆಲ್ಲರ ಕಣ್ಣಲ್ಲೂ ಆ ಮುರಿದ ಕಾಲು. ಓಲಾಸೊ ಬಾಯಿ ಮುಚ್ಚಿದ. ಮೆಟ್ಟಿಲಿಳಿದು ಬಂದು ಮೇಣದ ಕಾಲನ್ನು ಸತೂರಿಯೊನ ಕೈಗೆ ಇಟ್ಟ. "ಇದು ಇವರಿಗೆ ಸೇರಲಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಆಮೇಲೆ ಅಪ್ಪಿಕೊಂಡು, ಕಿವಿಯ ಹತ್ತಿರ, "ಕ್ಷಮಿಸು" ಎಂದ. ಅದು ಸತೂರಿಯೊನಿಗೂ, ಪಕ್ಕದಲ್ಲಿದ್ದ ಕಸಿಲ್ದಳಿಗೂ ಮಾತ್ರ ಕೇಳಿಸಿತು.

ಟಾಕೀಸು ಎದ್ದು ನಿಂತು ಚಪ್ಪಾಳೆ ತಟ್ಟಿತು. ಕುಂಟನೊಬ್ಬನಿಗೆ ತನ್ನ ಹರಕೆಯ ಕಾಲನ್ನೇ ಕೊಟ್ಟ ದೊಡ್ಡ ಮನುಷ್ಯ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಬಾಲ್ಬಿನ ಸತೂರಿಯೊನ ಬೆನ್ನು ಸವರಿದಳು. "ಪುಣ್ಯವಂತ ಕಣಯ್ಯ ನೀನು. ಅವನ ಕೈಯಾರೆ ಕೊಟ್ಟ."

ದೀಪ ಆರಿತು. ಎದ್ದು ಹೋಗಲು ದಾರಿಯಿರಲಿಲ್ಲ. ಮೇಣದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಸತೂರಿಯೊ ಕೂತ. ಗಡ್ಡದವನು ಓಡಿಬಂದ. ಹೆಂಗಸರೆಲ್ಲ ಕಣ್ಣು ಮುಚ್ಚಿಕೊಂಡರು. ಕಸಿಲ್ದ ಮುಚ್ಚಿಕೊಳ್ಳಲಿಲ್ಲ. ಆಗ ಕಂಡಳು ತನ್ನ ತೇಪೆಯನ್ನು.

ಮರುದಿನ ನಲ್ಲಿಯ ಹತ್ತಿರ ಬಾಲ್ಬಿನಳಿಗೆ ಹೇಳಿದಳು. "ಓಲಾಸೊಗೂ ಅಮ್ಮ ಇದ್ದಾಳಲ್ಲ," ಎಂದಳು ಬಾಲ್ಬಿನ. "ಅವಳೂ ತೇಪೆ ಹಾಕ್ತಾಳೆ. ಹೋಗಲಿ ಬಿಡೇ, ಗಂಡನಿಗೆ ಒಂದು ಮೊಟ್ಟೆ ಹಾಕ್ಕೊಡು, ಸೊರಗಿದಾನೆ." ಸಿನಿಮಾ ಮತ್ತೆ ಆ ಟಾಕೀಸಿಗೆ ಬರಲಿಲ್ಲ.

ಸತೂರಿಯೊ ಬೀದಿಗೆ ಹೋಗಲಿಲ್ಲ. "ಅವನಿಗೆ ಗೊತ್ತು," ಎಂದು ಆಗಾಗ ಹೇಳುತ್ತಿದ್ದ, ಮೇಜಿನ ಮೇಲಿನ ಮೇಣದ ಕಾಲನ್ನು ನೋಡುತ್ತ. ಕಸಿಲ್ದ ಒಮ್ಮೆ ರೇಗಿ, "ಗೊತ್ತಿದ್ದು ಏನು ಬಂತು?" ಅಂದಳು. ಆಮೇಲೆ ಅವನು ಆ ಮಾತನ್ನು ಆಡಲಿಲ್ಲ. ಮುಂದಿನ ಚಳಿಗೆ ಎದೆಯಲ್ಲಿ ನೀರು ತುಂಬಿಕೊಂಡು ಹೋದ. ಗುಂಡಿ ತೋಡುವವನು ಅದೇ ಹಳಬ. ಗೋರಿ ತೆಗೆದಾಗ ಉದ್ದನೆಯ ಪೆಟ್ಟಿಗೆ ಕಂಡು, ಅದನ್ನು ಎತ್ತಿ ಸತೂರಿಯೊನ ಎಡಗಡೆಗೆ, ಇರಬೇಕಾದ ಜಾಗದಲ್ಲೇ, ಜೋಡಿಸಿ ಇಟ್ಟ. ಕೇರಿಯವರು ಹೂವು ತಂದಿದ್ದರು. ಆ ಹೂವಿನ ಪಟ್ಟಿಯ ಮೇಲೆ "ನಮ್ಮ ಓಲಾಸೊಗೆ" ಎಂದಿತ್ತು. ಪ್ರೀತಿಯಿಂದಲೇ ಬರೆಸಿದ್ದರು. ಕಸಿಲ್ದ ಆ ಪಟ್ಟಿಯನ್ನು ತಿರುಗಿಸಿ, ಬರಹ ಮಣ್ಣಿಗೆ ತಾಗುವ ಹಾಗೆ ಹಾಸಿದಳು.

ಮೇಣದ ಕಾಲನ್ನು ಇಗರ್ಜಿಗೆ ಹಿಂದಿರುಗಿಸು ಎಂದು ಡೊನ್ ಎಲಾದಿಯೊ ಹೇಳಿ ಕಳಿಸಿದರು. ಅವಳು ಕೊಡಲಿಲ್ಲ. ಒಂದು ದಿನ ಇಸ್ತ್ರಿಯ ಮೇಣ ಮುಗಿದಿತ್ತು. ತೊಡೆಯ ಕಡೆಯಿಂದ ಒಂದು ಚೂರು ಕೊರೆದುಕೊಂಡಳು. ಒಳ್ಳೆಯ ಮೇಣ. ಆಮೇಲೆ ಬೇರೆ ಮೇಣ ಕೊಳ್ಳಲಿಲ್ಲ. ಭಟ್ಟಿಗಳು ನಿಂತವು, ನದಿಯ ಆಚೆಯಿಂದ ಎತ್ತರದ ಮನೆಗಳು ಬಂದವು, ಕೆಂಡದ ಪೆಟ್ಟಿಗೆ ಹೋಗಿ ಕರೆಂಟಿನ ಪೆಟ್ಟಿಗೆ ಬಂತು. ಕಾಲು ತೊಡೆಯಿಂದ ಮಂಡಿಗೆ, ಮಂಡಿಯಿಂದ ಮೀನಖಂಡಕ್ಕೆ ಸವೆಯುತ್ತ ಬಂತು.

ಶನಿವಾರ ಊಟವಾದ ಮೇಲೆ ಬಾಲ್ಬಿನಳ ಮನೆಯಲ್ಲಿ ಟೀವಿ ಹಾಕಿದರು. ಮಗ ನಿದ್ದೆಗೆ ಹೋದ. ನಿಯೆವೆಸ್ ಕುರ್ಚಿಯ ಅಂಚಿನಲ್ಲಿ ಕೂತಳು. ಬಾಲ್ಬಿನಳ ಕಣ್ಣು ಮಂಜಾಗಿತ್ತು. ಅವಳಿಗಾಗಿ ಕುರ್ಚಿಯನ್ನು ಟೀವಿಯ ಮೂಗಿನ ಹತ್ತಿರವೇ ಎಳೆದು ಹಾಕಿದ್ದರು. ಕಸಿಲ್ದ ಹಿಂದೆ ಮೇಜಿನ ಮೇಲೆ ಮನೆಯವರ ಅಂಗಿಗಳನ್ನು ಹರಡಿಕೊಂಡಿದ್ದಳು. ಅವಳು ಟೀವಿಗೆ ಬೆನ್ನು ಹಾಕಿ ನಿಂತಿದ್ದಳು.

ಸಂಗೀತ ಬದಲಾಯಿತು. ಗಡ್ಡದವನು ಬರುತ್ತಿದ್ದಾನೆ ಎಂದು ಸಂಗೀತದಲ್ಲೇ ತಿಳಿಯುತ್ತಿತ್ತು.

"ಅತ್ತೆ, ಕಣ್ಣು ಮುಚ್ಕೋಬೇಡಿ," ಎಂದಳು ನಿಯೆವೆಸ್.

"ಮುಚ್ಚೋಕೆ ಏನಿದೆ, ಅರ್ಧ ಮುಚ್ಚೇ ಇದೆ," ಎಂದು ಬಾಲ್ಬಿನ ಗೊಣಗಿದಳು.

ಬಾದಾಮಿ ಚಿಪ್ಪು ಒಡೆಯಿತು.

ಆಗಲೇ ಟೀವಿಯೊಳಗೆ ಓಲಾಸೊನ ತಾಯಿ ಅಳುತ್ತಿದ್ದಳು. ಬಾಲ್ಬಿನ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದಳು, ಅವಳ ವಯಸ್ಸಿಗೆ ಅದು ಸುಲಭವಲ್ಲ.

"ಓರೆ ಹೆಣಿಗೆ," ಅಂದಳು. "ಈ ಕೇರೀಲಿ ಹಾಗೆ ಓರೆ ಹೆಣೀತಿದ್ದೋಳು ನೀನೊಬ್ಬಳೇ. ನನ್ನ ಮಗನ ಚೀಲಕ್ಕೂ ಹಾಗೇ ಹಾಕ್ಕೊಟ್ಟಿದ್ದೆ."

"ಹೌದು," ಅಂದಳು ಕಸಿಲ್ದ.

"ಅಯ್ಯೋ, ಕಸಿಲ್ದ. ನನಗೆ ಹೇಳ್ಬಾರದಿತ್ತಾ?"

ಹೇಳಿದ್ದೆ ಎನ್ನಲು ಕಸಿಲ್ದಳಿಗೆ ಬಾಯಿ ಬರಲಿಲ್ಲ. ಬಾಲ್ಬಿನಳ ಕೈ ಕುರ್ಚಿಯ ಬೆನ್ನನ್ನು ಹುಡುಕುತ್ತಿತ್ತು, ಅವಳ ಮುಖ ಸಣ್ಣದಾ‍ಗಿತ್ತು. ಈ ಮಾತಿಗಾಗಿ ಕಾದವನು ಮಣ್ಣಲ್ಲಿದ್ದ. ಕಸಿಲ್ದಳಿಗೆ ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಟೀವಿ ಕಡೆ ತಿರುಗು," ಎಂದಳು ಕೊನೆಗೆ. "ಕತ್ತು ಹಿಡ್ಕೊಳ್ಳುತ್ತೆ."

ಬೆರಳಿಗೆ ಉಗುಳು ಹಚ್ಚಿ ಪೆಟ್ಟಿಗೆಯ ತಳ ಮುಟ್ಟಿ ನೋಡಿದಳು. ಚುಯ್ ಎಂದಿತು, ಕಾದಿದೆ. ಉಡಿಯಿಂದ ಬಟ್ಟೆಯಲ್ಲಿ ಸುತ್ತಿದ ಮೇಣದ ತುಂಡು ತೆಗೆದಳು. ಈಗ ಪಾದವೊಂದೇ ಉಳಿದಿತ್ತು, ಅದರಲ್ಲೂ ಬೆರಳುಗಳ ಗುರುತು ಅಳಿಸಿತ್ತು. ಅದನ್ನು ತಳಕ್ಕೆ ಒಮ್ಮೆ ಉಜ್ಜಿ, ಹಳೇ ಬಟ್ಟೆಯ ಮೇಲೆ ಒರೆಸಿ, ಬಾಲ್ಬಿನಳ ಮಗನ ಬಿಳಿ ಅಂಗಿಯನ್ನು ಎಳೆದುಕೊಂಡು ಕಾಲರಿನಿಂದ ಶುರು ಮಾಡಿದಳು.